ಸುಮಿತ್ರಾ ‘ಸುಚಿತ್ರಾ’ ಆದ ದಿನ: ಮುಕ್ತ ತಂತ್ರಾಂಶ ಮತ್ತು ನಮ್ಮ ಡಿಟಿಪಿ ಅಂಗಡಿ

(ಪಾಡ್‌ಕಾಸ್ಟ್‌ನಲ್ಲಿ ಪ್ರಸಾರವಾದ ಮಾತಿನ ಬರಹರೂಪ)

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ, ಎರಡನೇ ರೈಲ್ವೆ ಗೇಟಿನ ಹತ್ತಿರ, ಒಂದು ಸಣ್ಣ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ವಾಸ್ತುಶಾಂತಿ ಕಾರ್ಡು, ಜಾತ್ರೆಯ ಬ್ಯಾನರ್, ಶಾಲೆಯ ವಾರ್ಷಿಕ ಸಂಚಿಕೆ, ಇಂಥವೇ ನಮ್ಮ ಕೆಲಸ. ನಾನು ಎಂಜಿನಿಯರ್ ಅಲ್ಲ, ಪ್ರೋಗ್ರಾಂ ಬರೆಯೋದು ನನಗೆ ಬರೂದಿಲ್ಲ. ಆದರೂ ಇವತ್ತು ಮುಕ್ತ ತಂತ್ರಾಂಶಗಳನ್ನು, ಅದರಲ್ಲೂ ಚಿತ್ರ ಮತ್ತು ಪುಟ ವಿನ್ಯಾಸದ ತಂತ್ರಾಂಶಗಳನ್ನು ಬೆಳೆಸೋದರ ಬಗ್ಗೆ ಮಾತಾಡುತ್ತೇನೆ. ಯಾಕೆ ಅಂತ ಹೇಳಬೇಕಾದರೆ ಒಂದು ಲಗ್ನಪತ್ರಿಕೆಯಿಂದಲೇ ಶುರು ಮಾಡಬೇಕು.

ಕೆಲವು ವರ್ಷದ ಹಿಂದಿನ ಮಾತು. ಖಾನಾಪುರ ಕಡೆಯ ಒಬ್ಬ ಹಿರಿಯರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ಆ ಭಾಗದಲ್ಲಿ ಇದು ತೀರಾ ಸಾಮಾನ್ಯ. ಬೀಗರಲ್ಲಿ ಅರ್ಧ ಜನ ಕನ್ನಡ ಓದುತ್ತಾರೆ, ಅರ್ಧ ಜನ ಮರಾಠಿ. ಅವರ ಮಗ ವಿವರವನ್ನೆಲ್ಲ ವಾಟ್ಸಾಪ್‌ನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿ ಕಳಿಸಿದ್ದ. ನಾನು ಅದನ್ನು ನೋಡಿಕೊಂಡು ನನ್ನ ಕಂಪ್ಯೂಟರಿನಲ್ಲಿ ಮತ್ತೆ ಟೈಪ್ ಮಾಡಿದೆ. 400 ಕಾರ್ಡು ಅಚ್ಚಾದವು.

ಮಾರನೇ ದಿನ ಹಿರಿಯರು ಕಾರ್ಡು ಹಿಡಿದುಕೊಂಡು ಬಂದರು. ಸಿಟ್ಟು ಮಾಡಲಿಲ್ಲ. ಕುರ್ಚಿ ಮೇಲೆ ಕೂತು, ‘ನನ್ನ ಮಗಳ ಹೆಸರು ಸುಮಿತ್ರಾ ಐತ್ರೀ. ನೀವು ಬ್ಯಾರೆ ಯಾರದೋ ಲಗ್ನ ಮಾಡಾಕತ್ತೀರಿ’ ಅಂದರು. ನೋಡಿದರೆ ‘ಸುಚಿತ್ರಾ’ ಅಂತ ಬಿದ್ದಿತ್ತು. ತಪ್ಪು ಸಂಪೂರ್ಣ ನನ್ನದು. ನನ್ನ ಖರ್ಚಿನಲ್ಲಿ 400 ಕಾರ್ಡು ಮತ್ತೆ ಮಾಡಿಕೊಟ್ಟೆ. ಆದರೆ ರಾತ್ರಿ ಮಲಗಿದಾಗ ಒಂದು ಪ್ರಶ್ನೆ ಬಿಡಲಿಲ್ಲ. ಆ ಹುಡುಗ ಸರಿಯಾಗಿಯೇ ಟೈಪ್ ಮಾಡಿ ಕಳಿಸಿದ್ದನಲ್ಲ, ನಾನು ಮತ್ತೆ ಟೈಪ್ ಮಾಡಿದ್ದಾದರೂ ಯಾಕೆ?

ಹಳೆಯ ಫಾಂಟಿನ ಬೀಗ

ಡಿಟಿಪಿ ಕೆಲಸ ಮಾಡುವವರಿಗೆ ಉತ್ತರ ಗೊತ್ತೇ ಇದೆ. ನಮ್ಮ ಅಂಗಡಿಗಳಲ್ಲಿ ಬಹಳ ವರ್ಷದಿಂದ ನಡೆದುಬಂದಿರುವುದು ಯೂನಿಕೋಡ್ ಅಲ್ಲದ ಫಾಂಟುಗಳು. ಅವು ಹೇಗೆ ಕೆಲಸ ಮಾಡುತ್ತವೆ ಅಂದರೆ, ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಮನೆಗಳು. ಇಂಗ್ಲಿಷ್ ಅಕ್ಷರ ಕೂಡುವ ಆ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಒಂದರಲ್ಲಿ ಅಕ್ಷರದ ಮೈ, ಒಂದರಲ್ಲಿ ಕೊಂಬು, ಒಂದರಲ್ಲಿ ಒತ್ತು. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಯಾವುದೋ ಲ್ಯಾಟಿನ್ ಅಕ್ಷರಗಳ ಗೋಜಲು. ಮೊಬೈಲಿನಲ್ಲಿ ಬರುವುದು ಯೂನಿಕೋಡ್ ಕನ್ನಡ. ಆದ್ದರಿಂದ ವಾಟ್ಸಾಪ್‌ನಿಂದ ತಂದು ಅಂಟಿಸಿದರೆ ಬರೀ ಡಬ್ಬಿಗಳು. ಪರಿವರ್ತಕಗಳು ಇವೆ, ಆದರೆ ಅವಸರದಲ್ಲಿ ನಾವು ಕೈಯಿಂದಲೇ ಟೈಪ್ ಮಾಡುತ್ತೇವೆ. ಸುಮಿತ್ರಾ ಸುಚಿತ್ರಾ ಆಗುವುದು ಅಲ್ಲೇ.

ಹಾಗಂತ ಆ ಫಾಂಟುಗಳನ್ನು ನಾನು ಹಳಿಯುವುದಿಲ್ಲ. ಬರಹ, ನುಡಿ ಇಲ್ಲದಿದ್ದರೆ ನನ್ನಂಥವರು ಕಂಪ್ಯೂಟರಿನಲ್ಲಿ ಕನ್ನಡ ಕಲಿಯುತ್ತಲೇ ಇರಲಿಲ್ಲ. ಅವತ್ತಿನ ಯಂತ್ರಗಳಿಗೆ ಅದೇ ದಾರಿ. ಆದರೆ ದಾರಿ ಹಳೆಯದಾದ ಮೇಲೂ ನಾವು ಅಲ್ಲೇ ನಿಂತಿದ್ದೇವೆ.

ಯೂನಿಕೋಡ್‌ಗೆ ಬರಬೇಕು ಅಂತ ನಿರ್ಧಾರ ಮಾಡಿದೆ. ಆಗ ಎರಡನೇ ತೊಡಕು. ನನ್ನಲ್ಲಿದ್ದ ವಿನ್ಯಾಸದ ತಂತ್ರಾಂಶ ಬಹಳ ಹಳೆಯದು, ಅದರಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಕೂಡುತ್ತಿರಲಿಲ್ಲ. ಇನ್ನೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಅದು ದುಡ್ಡು ಕೊಟ್ಟು ತಂದದ್ದಲ್ಲ. ನಮ್ಮ ವೃತ್ತಿಯಲ್ಲಿ ಇದು ಗುಟ್ಟೇನೂ ಅಲ್ಲ. ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ, ಮತ್ತೆ ಕಳ್ಳಪ್ರತಿ ಹುಡುಕಲು ಮನಸ್ಸಿರಲಿಲ್ಲ. ಹಾಗೆ ಮುಕ್ತ ತಂತ್ರಾಂಶದ ಕಡೆ ಬಂದೆ.

ಮೂರು ಹತಾರ, ಮೂರು ಕಥೆ

ಈಗ ನನ್ನ ಅಂಗಡಿಯಲ್ಲಿ ಮೂರು ಹತಾರಗಳಿವೆ. ಫೋಟೋಕ್ಕೆ ಜಿಂಪ್, ಚಿತ್ರ ಮತ್ತು ಕಾರ್ಡಿನ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟಿ ಪ್ರೆಸ್ಸಿಗೆ ಪಿಡಿಎಫ್ ಕಳಿಸಲು ಸ್ಕ್ರೈಬಸ್. ಮೂರೂ ಜಿಪಿಎಲ್ ಲೈಸೆನ್ಸಿನವು. ಅಂದರೆ ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗಿದೆ ಅಂತ ತೆರೆದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು.

ಜಿಂಪ್ ಶುರುವಾದದ್ದು 1995ರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳ ಕೆಲಸ. ಇಂಕ್‌ಸ್ಕೇಪ್ ಹುಟ್ಟಿದ್ದು 2003ರಲ್ಲಿ. ಸೋಡಿಪೋಡಿ ಅಂತ ಒಂದು ತಂತ್ರಾಂಶ ಇತ್ತು. ಅದರಲ್ಲಿ ದುಡಿಯುತ್ತಿದ್ದ ನಾಲ್ವರಿಗೆ ಮುಂದಿನ ದಾರಿ ಬೇರೆ ಇರಬೇಕು ಅನ್ನಿಸಿತು. ಜಗಳ ಮಾಡುತ್ತಾ ಕೂರಲಿಲ್ಲ, ಅದೇ ಕೋಡನ್ನು ತೆಗೆದುಕೊಂಡು ಬೇರೆ ಮನೆ ಹೂಡಿದರು. ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಹೊಲ ಅರ್ಧ ಆಗುತ್ತದೆ. ಇಲ್ಲಿ ಇಬ್ಬರಿಗೂ ಪೂರ್ತಿ ಹೊಲ ಸಿಗುತ್ತದೆ. ಲೈಸೆನ್ಸು ಹಾಗಿದೆ.

ಆದರೆ ಕೆಲಸ ನಿಧಾನ. ಇಂಕ್‌ಸ್ಕೇಪ್ 1.0 ಆವೃತ್ತಿ ಬಂದದ್ದು 2020ರಲ್ಲಿ, ಹುಟ್ಟಿ ಹದಿನಾರು ವರ್ಷ ದಾಟಿದ ಮೇಲೆ. ಜಿಂಪ್ 2.10 ಬಂದದ್ದು 2018ರ ಏಪ್ರಿಲ್‌ನಲ್ಲಿ, 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಹೆಚ್ಚುಕಡಿಮೆ ಏಳು ವರ್ಷ. ಯಾಕೆ ಅಂದರೆ, ದುಡಿಯುವವರಲ್ಲಿ ಬಹಳ ಜನ ಹಗಲು ಬೇರೆ ನೌಕರಿ ಮಾಡಿ ಸಂಜೆ ಇದಕ್ಕೆ ಕೂರುವವರು.

ಇನ್ನು ಸ್ಕ್ರೈಬಸ್. 2017ರ 1.5.3 ಆವೃತ್ತಿಗಿಂತ ಮೊದಲು ಅದರಲ್ಲಿ ಭಾರತದ ಲಿಪಿಗಳು ಸರಿಯಾಗಿ ಕೂಡುತ್ತಿರಲಿಲ್ಲ. ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ಒಳಗೆ ಜೋಡಿಸಿದ ಮೇಲೆ ಕನ್ನಡ, ದೇವನಾಗರಿ, ಅರಬ್ಬಿ ಎಲ್ಲ ಬಂದವು. ಆ ಕೆಲಸವೆಲ್ಲ ಸೇರಿದ 1.6 ಸ್ಥಿರ ಆವೃತ್ತಿ ಬಂದದ್ದು 2024ರ ಜನವರಿ 1ಕ್ಕೆ.

ಹಾರ್ಫ್‌ಬಜ್ ಹೆಸರು ನೀವು ಕೇಳಿರಲಿಕ್ಕಿಲ್ಲ. ಆದರೆ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್ ಬ್ರೌಸರಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತಿದ್ದರೆ ಅದರ ಹಿಂದೆ ಇರುವುದು ಅದೇ. ಬೆಹ್ದಾದ್ ಇಸ್ಫಹ್‌ಬೋದ್ ಎಂಬ ಇರಾನಿ ಮೂಲದ ಎಂಜಿನಿಯರ್ ಮುಂದೆ ನಿಂತು ಬೆಳೆಸಿದ್ದು. ಅದರ ಕೆಲಸ ಏನು? ‘ಸೂರ್ಯ’ ಅನ್ನೋ ಪದ ತಗೊಳ್ರಿ. ಕಂಪ್ಯೂಟರಿನಲ್ಲಿ ಇರುವ ಕ್ರಮ ಸ, ದೀರ್ಘದ ಕೊಂಬು, ರ, ವಿರಾಮಚಿಹ್ನೆ, ಯ. ಆದರೆ ಕಾಗದದ ಮೇಲೆ ಯ ಮೊದಲು ಬರಬೇಕು, ಅರ್ಕಾವತ್ತು ಆಮೇಲೆ. ಈ ಅದಲುಬದಲನ್ನು ಮಾಡುವುದೇ ಹಾರ್ಫ್‌ಬಜ್. ಅದೇ ‘ರ‍್ಯಾಂಕ್’ ಬರೆಯುವಾಗ ಅರ್ಕಾವತ್ತು ಬೇಡ, ಪೂರ್ತಿ ರ ಬೇಕು, ಅದಕ್ಕೆ ಯ ಒತ್ತು ಬೇಕು. ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಿದರೆ ಅದು ಬರುತ್ತದೆ.

ಮರಾಠಿಯಲ್ಲೂ ಹೀಗೇ ಒಂದು ಇದೆ. ‘ದರ್ಯಾ’ ಅಂದರೆ ಸಮುದ್ರ. ಅದೇ ರಕಾರವನ್ನು ರೆಪ್ಪೆಯ ಆಕಾರದಲ್ಲಿ ಬರೆದರೆ ಅರ್ಥ ಕಣಿವೆಗಳು. ಖಾನಾಪುರದ ಕಾರ್ಡಿನಲ್ಲಿ ಕನ್ನಡ, ಮರಾಠಿ ಎರಡನ್ನೂ ಒಂದೇ ತಂತ್ರಾಂಶ ಕೂಡಿಸುತ್ತದೆ. ಮೊದಲು ನನಗೆ ಎರಡು ಭಾಷೆಗೆ ಎರಡು ಫಾಂಟು, ಎರಡು ಕೀಲಿಮಣೆ ಬೇಕಿತ್ತು. ಈಗ ಒಂದೇ ಸಾಲಿನಲ್ಲಿ ಎರಡೂ ಬರುತ್ತವೆ.

ನನ್ನ ಮೊದಲ ದೂರು

ಬಳಸುವುದು ಅರ್ಧ ಕಥೆ. ಉತ್ತಮಪಡಿಸುವುದು ಹೇಗೆ ಅನ್ನೋದು ಇನ್ನರ್ಧ.

ಒಂದು ಬ್ಯಾನರ್ ಮಾಡುತ್ತಿದ್ದೆ. ‘ರಾಷ್ಟ್ರೀಯ’ ಅನ್ನುವಲ್ಲಿ ಟ ಒತ್ತು, ರ ಒತ್ತು ಒಂದರ ಮೇಲೊಂದು ಬಿದ್ದು ಮಸಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ತಂತ್ರಾಂಶದವರ ದೂರು ಪಟ್ಟಿಗೆ ಹೋಗಿ ಒಂದೇ ಸಾಲು ಬರೆದೆ, ಕನ್ನಡ ಸರಿಯಾಗಿ ಬರುತ್ತಿಲ್ಲ ಅಂತ. ಯಾರೋ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. ಯಾವ ಆವೃತ್ತಿ, ಯಾವ ಫಾಂಟು, ಮಾದರಿ ಫೈಲು ಇದೆಯೇ, ಸರಿಯಾದದ್ದು ಹೇಗೆ ಕಾಣಬೇಕು ಅಂತ ಕೇಳಿದರು. ಆ ಕೊನೆಯ ಪ್ರಶ್ನೆ ನನ್ನನ್ನು ಎಚ್ಚರಿಸಿತು. ಅವರಿಗೆ ಕನ್ನಡ ಓದಲು ಬರುವುದಿಲ್ಲ! ಸರಿ ಯಾವುದು, ತಪ್ಪು ಯಾವುದು ಅಂತ ಹೇಳುವವರು ನಾವೇ.

ಆಗ ಒಂದೇ ಪದದ ಒಂದು ಸಣ್ಣ ಫೈಲು ಮಾಡಿದೆ. ಅದೇ ಪದವನ್ನು ಬೇರೆ ಮೂರು ಫಾಂಟಿನಲ್ಲಿ ಹಾಕಿ ನೋಡಿದೆ. ಆ ಮೂರರಲ್ಲೂ ಸರಿ ಇತ್ತು. ಅಂದರೆ ತಪ್ಪು ತಂತ್ರಾಂಶದ್ದಲ್ಲ, ಫಾಂಟಿನದು. ಎರಡು ಒತ್ತು ಬಂದಾಗ ಎರಡನೆಯದು ಎಲ್ಲಿ ಕೂರಬೇಕು ಅನ್ನುವ ನಿಯಮ ಅದರಲ್ಲಿ ಇರಲಿಲ್ಲ. ಅದೃಷ್ಟಕ್ಕೆ ಆ ಫಾಂಟೂ ಮುಕ್ತ ಲೈಸೆನ್ಸಿನದೇ. ದೂರನ್ನು ಅವರಿಗೆ ಬರೆದೆ. ಅವರು ಕೇಳಿದ್ದು ಒಂದೇ, ಎರಡನೇ ಒತ್ತು ಮೊದಲಿನದರ ಕೆಳಗೆ ಬರಬೇಕೋ, ಬಲಕ್ಕೋ?

ನಾನು ದಿನಾ ನೋಡುವ ಅಕ್ಷರ. ಆದರೂ ಎದೆ ತಟ್ಟಿ ಹೇಳಲು ಆಗಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ, ಹಳೆಯ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಎಪ್ಪತ್ತು ದಾಟಿದೆ. ಅವರ ಹತ್ತಿರ ಹೋಗಿ ಕೇಳಿದೆ. ಕಾಗದದ ಮೇಲೆ ಬರೆದು ತೋರಿಸಿದರು. ‘ತಮ್ಮಾ, ಟ ಒತ್ತಿನ ಬಾಲ ಎಲ್ಲಿ ಮುಗೀತದ ಅಲ್ಲಿ ರ ಒತ್ತು ಹಿಡೀಬೇಕು, ಬಲಕ್ಕ. ಕೆಳಗ ಇಳಿಸಿದರ ಮುಂದಿನ ಸಾಲಿನ ತಲಿ ಮ್ಯಾಲ ಕುಂದರತೈತಿ’ ಅಂದರು. ಅವರು ಕೊಟ್ಟ ಹಳೆಯ ಪುಸ್ತಕದ ಒಂದು ಪುಟದ ಫೋಟೋ ತೆಗೆದು ಕಳಿಸಿದೆ. ಕೆಲವು ತಿಂಗಳ ಮೇಲೆ ಫಾಂಟಿನ ಹೊಸ ಆವೃತ್ತಿ ಬಂತು. ಒತ್ತು ಕಾಕಾ ಹೇಳಿದಲ್ಲೇ ಕೂತಿತ್ತು.

ನಾನು ಒಂದು ಸಾಲು ಕೋಡ್ ಬರೆಯಲಿಲ್ಲ. ಕಾಕಾ ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ಆದರೆ ಅವರ ಬೆರಳಿನಲ್ಲಿದ್ದ ತಿಳಿವಳಿಕೆ ಆ ಫಾಂಟಿನೊಳಗೆ ಹೋಯಿತು. ಇನ್ನು ಅದು ಎಲ್ಲರದು. ಮೊಳೆ ಜೋಡಿಸಿದ ತಲೆಮಾರು ಹೊರಟುಹೋಗುತ್ತಿದೆ. ಅವರನ್ನು ಕೇಳಬೇಕಾದರೆ ಈಗಲೇ ಕೇಳಬೇಕು.

ಇನ್ನೂ ಇರುವ ತೊಡಕು

ಎಲ್ಲ ಸುಸೂತ್ರ ಅಂತ ನಾನು ಹೇಳುವುದಿಲ್ಲ. ಇಂಕ್‌ಸ್ಕೇಪ್ ಇಲ್ಲಿಯವರೆಗೆ ಕೆಲಸ ಮಾಡುವುದು ಪರದೆಯ ಬಣ್ಣಗಳಲ್ಲಿ. ಆಫ್‌ಸೆಟ್ ಪ್ರೆಸ್ಸಿಗೆ ಬೇಕಾದ ನಾಲ್ಕು ಮಸಿಯ ಬಣ್ಣಕ್ಕೆ ನಾನು ಸ್ಕ್ರೈಬಸ್‌ಗೆ ಹೋಗುತ್ತೇನೆ. ಪ್ರೆಸ್ಸಿನವರು ಈಗಲೂ ಕೋರಲ್‌ಡ್ರಾ ಫೈಲೇ ಕೇಳುತ್ತಾರೆ. ಇಂಕ್‌ಸ್ಕೇಪ್ ಆ ಫೈಲನ್ನು ತೆರೆಯುತ್ತದೆ, ಆದರೆ ಹಳೆಯ ಫಾಂಟಿನ ಕನ್ನಡ ಇದ್ದರೆ ಮತ್ತೆ ಅದೇ ಗೋಜಲು. ನನ್ನ ಹುಡುಗರಿಗೆ ಹೊಸ ಮೆನು ಕಲಿಯಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಕೆಲಸ ಕುಂಟಿತು, ಒಂದಿಬ್ಬರು ಗಿರಾಕಿಗಳೂ ಹೋದರು.

ಬಂದ ಲಾಭ ಏನು ಅಂತ ಕೇಳಿದರೆ, ಇಂಕ್‌ಸ್ಕೇಪಿನ ಎಸ್‌ವಿಜಿ ಫೈಲು ಒಳಗಡೆ ಬರೀ ಪಠ್ಯ. ಅಕ್ಷರಗಳನ್ನು ಗೆರೆಗಳಾಗಿ ಬದಲಿಸದೆ ಒಂದು ಪ್ರತಿ ಇಟ್ಟುಕೊಂಡರೆ, ಎಷ್ಟು ವರ್ಷ ಹಳೆಯ ಕಾರ್ಡನ್ನಾದರೂ ಹೆಸರು ಹಾಕಿ ಹುಡುಕಬಹುದು. ಪ್ರೆಸ್ಸಿಗೆ ಗೆರೆ ಮಾಡಿದ ಪ್ರತಿ, ನಮಗೆ ಪಠ್ಯ ಇರುವ ಪ್ರತಿ. ಇದನ್ನು ಪ್ರತಿ ಅಂಗಡಿಯವರೂ ರೂಢಿ ಮಾಡಿಕೊಳ್ಳಬೇಕು ಅಂತ ನನ್ನ ವಿನಂತಿ.

ಇನ್ನೊಂದು ಮಾತು. ಕೇರಳದ ಶಾಲೆಗಳಲ್ಲಿ ಐಸಿಟಿ ಪಾಠದಲ್ಲಿ ಜಿಂಪ್, ಇಂಕ್‌ಸ್ಕೇಪ್ ಕಲಿಸುತ್ತಾರೆ. ಅಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕವೂ ಇರುವುದರಿಂದ ಕಾಸರಗೋಡಿನ ಮಕ್ಕಳು ಇವನ್ನು ಕನ್ನಡದಲ್ಲೇ ಓದಿ ಕಲಿಯುತ್ತಾರೆ. ಗಡಿಯ ಆಚೆ ಇರುವ ಕನ್ನಡದ ಮಕ್ಕಳಿಗೆ ಸಿಕ್ಕಿದ್ದು ಗಡಿಯ ಈಚೆ ಇರುವ ನಮ್ಮ ಮಕ್ಕಳಿಗೂ ಸಿಗಲಿ.

ಕೊನೆಗೆ, ನೀವು ಏನು ಮಾಡಬಹುದು? ಕನ್ನಡ ತಪ್ಪು ಕಂಡರೆ ಬೈದು ಸುಮ್ಮನಾಗಬೇಡಿ, ಬರೆಯಿರಿ. ಒಂದು ಪದ, ಒಂದು ಸಣ್ಣ ಫೈಲು, ತಪ್ಪಿನ ಚಿತ್ರ, ಸರಿಯಾದದ್ದರ ಚಿತ್ರ, ಆವೃತ್ತಿ ಮತ್ತು ಫಾಂಟಿನ ಹೆಸರು. ಬೇರೆ ಫಾಂಟಿನಲ್ಲಿ ಒಮ್ಮೆ ಪರೀಕ್ಷೆ ಮಾಡಿ. ಇಂಗ್ಲಿಷ್ ಹರಕುಮುರುಕಾದರೂ ನಡೆಯುತ್ತದೆ, ನನ್ನದೂ ಹಾಗೇ ಇತ್ತು. ಮೆನುಗಳ ಕನ್ನಡ ಅನುವಾದಕ್ಕೆ ಜನ ಬೇಕು. ಇವುಗಳಿಂದ ಅನ್ನ ತಿನ್ನುವವರು ವರ್ಷಕ್ಕೊಮ್ಮೆ ನಾಲ್ಕು ಕಾಸು ದೇಣಿಗೆ ಕೊಡಿ. ಪುಕ್ಕಟೆ ಸಿಗುತ್ತದೆ ಅಂದ ಮಾತ್ರಕ್ಕೆ ಪುಕ್ಕಟೆ ಆಗಿದ್ದಲ್ಲ.

ಹೋದ ವರ್ಷ ಖಾನಾಪುರದ ಆ ಹಿರಿಯರು ಮತ್ತೆ ಬಂದಿದ್ದರು, ಸಣ್ಣ ಮಗಳ ಲಗ್ನಕ್ಕೆ. ನಾನು ಅವರ ಮಗ ಕಳಿಸಿದ ಸಂದೇಶವನ್ನು ಹಾಗೇ ಎತ್ತಿ ಅಂಟಿಸಿದೆ, ಒಂದಕ್ಷರವನ್ನೂ ಕೈಯಿಂದ ಟೈಪ್ ಮಾಡಲಿಲ್ಲ. ಆದರೂ ಹಿರಿಯರು ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕೂತು ಪ್ರತಿ ಹೆಸರನ್ನೂ ಬೆರಳಿಟ್ಟು ಓದಿದರು. ‘ಹಾಂ, ಈಗ ಹೊಡೀರಿ’ ಅಂದರು. ತಂತ್ರಾಂಶ ಎಷ್ಟೇ ಸುಧಾರಿಸಲಿ, ಅಷ್ಟು ಮಾತ್ರ ನಾವೇ ಮಾಡಬೇಕು.