ಗಾಣದ ಲೆಕ್ಕ, ಡೀಸೆಲ್ ಲೆಕ್ಕ

(ವಿದ್ಯಾಗಿರಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೋದ ವಾರ ಇಲ್ಲಿ ಒಬ್ಬ ಅಕ್ಕ ಕೇಳಿದರು. "ಡೀಸೆಲ್ ತುಟ್ಟಿ ಆತು ಅಂತ ಟ್ರ್ಯಾಕ್ಟರಿನವರು ಬಾಡಿಗಿ ಏರಿಸ್ಯಾರ. ಆ ರೊಕ್ಕ ಎಲ್ಲಾ ಎಣ್ಣಿ ತಯಾರು ಮಾಡೋರಿಗೆ ಹೋಗ್ತದೇನ್ರಿ?"

ನಾವೂ ಕೂಡಿ ವಿಚಾರ ಮಾಡಿದೆವು. ಉತ್ತರ ಗಾಣದಾಗ ಐತಿ.

ಗಾಣ ನಮಗೆಲ್ಲ ಗೊತ್ತು. ಶೇಂಗಾ ಹಾಕಿದರೆ ಎಣ್ಣೆ ಬರುತ್ತದೆ, ಹಿಂಡಿ ಬರುತ್ತದೆ. ಗಾಣದವರು 1,000 ರೂಪಾಯಿಗೆ ಶೇಂಗಾ ಕೊಂಡರು ಅನ್ನೋಣ. ಎಣ್ಣೆ ಮಾರಿ 900 ಬಂತು. ಹಿಂಡಿ ಮಾರಿ 300 ಬಂತು. ಒಟ್ಟು 1,200. ನಡುವೆ ಉಳಿದದ್ದು 200. ಇದೆಲ್ಲ ಲಾಭ ಅಲ್ಲ. ಕೂಲಿ, ಕರೆಂಟು, ರಿಪೇರಿ ಇದರಾಗೇ ಹೋಗಬೇಕು.

ಕರ್ನಾಟಕದಾಗ ಒಂದು ಭಾರಿ ಗಾಣ ಐತಿ. ಅದು ಮಂಗಳೂರಿನ ಹತ್ತಿರದ ಎಂ.ಆರ್.ಪಿ.ಎಲ್. ಕಾರ್ಖಾನೆ. 1996ರಲ್ಲಿ ಶುರುವಾಯಿತು. 2003ರಲ್ಲಿ ಸರಕಾರಿ ಕಂಪನಿ ಓ.ಎನ್.ಜಿ.ಸಿ. ಕೈಗೆ ಬಂತು. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ಎಣ್ಣೆ ಶುದ್ಧ ಮಾಡುವ ಶಕ್ತಿ ಅದಕ್ಕೆ ಇದೆ.

ಕಚ್ಚಾ ಎಣ್ಣೆ ಹಡಗಿನಲ್ಲಿ ಬರುತ್ತದೆ. ಅದನ್ನು ಕಾಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ಹಗುರಾದದ್ದು ಮೇಲೆ ಏರುತ್ತದೆ. ಅದರಿಂದ ಗ್ಯಾಸು, ಪೆಟ್ರೋಲು. ನಡುವೆ ಸೀಮೆಎಣ್ಣೆ, ಡೀಸೆಲ್. ತಳದಾಗ ಉಳಿಯೋದು ಮಂದನ್ನ ಎಣ್ಣೆ. ನಮ್ಮ ರಸ್ತೆಗೆ ಹಾಕುವ ಡಾಂಬರು ಅದರಿಂದಲೇ.

ಇವೆಲ್ಲ ಮಾರಿ ಬಂದ ರೊಕ್ಕದಾಗ ಕಚ್ಚಾ ಎಣ್ಣೆಯ ರೊಕ್ಕ ಕಳೆಯಿರಿ. ಉಳಿದದ್ದಕ್ಕೆ ರಿಫೈನಿಂಗ್ ಮಾರ್ಜಿನ್ ಅಂತಾರೆ. ಅದನ್ನು ಪೀಪಾಯಿ ಲೆಕ್ಕದಾಗ ಎಣಿಸ್ತಾರೆ. ಒಂದು ಪೀಪಾಯಿ ಅಂದ್ರ ಸುಮಾರು 159 ಲೀಟರ್.

ಈಗ ಕಚ್ಚಾ ಎಣ್ಣೆ ತುಟ್ಟಿ ಆದರೆ ಕಾರ್ಖಾನೆಗೆ ಲಾಭವೋ, ಲುಕ್ಸಾನೋ? ಬರೀ ಅದರಿಂದ ಹೇಳಾಕ ಬರೋದಿಲ್ಲ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರ ನೋಡಬೇಕು.

2022ರಲ್ಲಿ ರಷ್ಯಾ, ಉಕ್ರೇನ್ ಯುದ್ಧ ಹತ್ತಿತು. ಕಚ್ಚಾ ಎಣ್ಣೆ ತುಟ್ಟಿ ಆಯಿತು. ಡೀಸೆಲ್ ಅದಕ್ಕಿಂತ ಜೋರಾಗಿ ಏರಿತು. ಅಂತರ ಹಿಗ್ಗಿತು. ಆ ವರ್ಷ ಏಪ್ರಿಲ್‌ದಿಂದ ಜೂನ್‌ವರೆಗೆ ಎಂ.ಆರ್.ಪಿ.ಎಲ್.ಗೆ ಪೀಪಾಯಿಗೆ 24 ಡಾಲರಿಗೂ ಹೆಚ್ಚು ಉಳಿಯಿತು. ಮುಂದಿನ ಮೂರು ತಿಂಗಳಲ್ಲಿ ಏನಾಯಿತು ಗೊತ್ತೇನು? ಉಳಿಯೋದಿರಲಿ, ಪೀಪಾಯಿಗೆ 4 ಡಾಲರಿಗೂ ಹೆಚ್ಚು ಕೈಬಿಟ್ಟಿತು!

ಹಿಂಗ್ಯಾಕ? ತುಟ್ಟಿ ದರಕ್ಕೆ ಕೊಂಡ ಎಣ್ಣೆ ಟಾಕಿಯಲ್ಲಿತ್ತು. ಅಷ್ಟರೊಳಗೆ ಪೇಟೆ ದರ ಇಳಿಯಿತು. 1,300ಕ್ಕೆ ಶೇಂಗಾ ತಂದಿಟ್ಟು, ಎಣ್ಣೆ, ಹಿಂಡಿ ಮಾರಿದಾಗ 1,200 ಬಂದ ಹಾಗೆ. ಸರಕಾರವೂ ಜುಲೈ 1ರಿಂದ ಹೊರದೇಶಕ್ಕೆ ಹೋಗುವ ಪೆಟ್ರೋಲ್, ಡೀಸೆಲ್ ಮೇಲೆ ಹೆಚ್ಚಿನ ತೆರಿಗೆ ಹಾಕಿತ್ತು. ಆ ತೆರಿಗೆ 2024ರ ಡಿಸೆಂಬರಿನಲ್ಲಿ ಹೋಯಿತು.

ಇನ್ನೊಂದು ಮಾತು. ಹಿಂದೆ ಗಾಣದ ಎತ್ತು ಗಾಣದ ಹಿಂಡಿಯನ್ನೇ ತಿನ್ನುತ್ತಿತ್ತು. ಈ ಕಾರ್ಖಾನೆಯೂ ಹಂಗ. ತಾನು ತೆಗೆದದ್ದರಲ್ಲೇ ಒಂದಿಷ್ಟು ಸುಟ್ಟು ಒಲೆ ಕಾಸುತ್ತದೆ. ಎಣ್ಣೆ ತುಟ್ಟಿ ಆದಾಗ ಆ ಉರುವಲೂ ತುಟ್ಟಿ.

ಪಂಪಿನ ದರದಾಗ ಕಾರ್ಖಾನೆಯ ಪಾಲು ಬೇರೆ, ತೆರಿಗೆ ಬೇರೆ. 2024ರ ಜೂನ್‌ದಾಗ ನಮ್ಮ ರಾಜ್ಯದ ಮಾರಾಟ ತೆರಿಗೆ ಏರಿತು. ಡೀಸೆಲ್ ಲೀಟರಿಗೆ ಸುಮಾರು 3 ರೂಪಾಯಿ ತುಟ್ಟಿ ಆಯಿತು. ಅದರಾಗ ಮಂಗಳೂರಿನ ಕಾರ್ಖಾನೆಗೆ ಒಂದು ಪೈಸೆಯೂ ಹೋಗಲಿಲ್ಲ. ಅದು ಸರಕಾರದ ಬೊಕ್ಕಸಕ್ಕೆ ಹೋಯಿತು.

ಈಗ ಪಾಟಿ ತಗೀರಿ. ಟ್ರ್ಯಾಕ್ಟರ್ ತಾಸಿಗೆ 5 ಲೀಟರ್ ಡೀಸೆಲ್ ಕುಡೀತದ ಅನ್ನೋಣ. ಲೀಟರಿಗೆ 3 ರೂಪಾಯಿ ಏರಿದರೆ ತಾಸಿಗೆ ಎಷ್ಟು? 15 ರೂಪಾಯಿ. ಬಾಡಿಗಿ ತಾಸಿಗೆ ನೂರು ರೂಪಾಯಿ ಏರಿಸಿದರೆ ಉಳಿದ 85 ರೂಪಾಯಿ ಯಾತಕ್ಕ ಅಂತ ಕೇಳ್ರಿ. ಟೈರು, ಡ್ರೈವರ್ ಕೂಲಿ ಅಂತ ಹೇಳಬಹುದು. ಅದನ್ನೂ ಬರಕೊಳ್ರಿ.