ಅನುಮತಿಯೆಂಬ ಹೆಬ್ಬೆಟ್ಟು

(ರೈತ-ಕೂಲಿಕಾರರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಓದುಬಲ್ಲವರಿಂದ ಓದಿಸಿ ಎಂದು ನಾವು ಹಳ್ಳಿಹಳ್ಳಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಅದೇ ಮಾತನ್ನು ಈಗ ಮೊಬೈಲಿನ ವಿಷಯದಲ್ಲಿ ಹೇಳಬೇಕಾಗಿದೆ. ಹೊಸ ಆ್ಯಪು ತೆರೆದ ಕೂಡಲೆ ಕೇಳುತ್ತದೆ: ನಿಮ್ಮಲ್ಲಿರುವ ನಂಬರುಗಳನ್ನು ನೋಡಲೆ? ಫೋಟೋ ನೋಡಲೆ? ನೀವಿರುವ ಸ್ಥಳ ತಿಳಿಯಲೆ? ಅವಸರದಲ್ಲಿ ನಾವು 'ಅನುಮತಿಸಿ' ಎಂಬುದರ ಮೇಲೆ ಬೆರಳಿಡುತ್ತೇವೆ. ಅದೂ ಹೆಬ್ಬೆಟ್ಟೇ.

ಇದರಿಂದೇನು ಕೇಡು ಎನ್ನುವವರು ಸಾಲದ ಆ್ಯಪುಗಳ ವ್ಯವಹಾರ ನೋಡಬೇಕು. ಅಡವಿಲ್ಲ, ಜಾಮೀನಿಲ್ಲ, ಗಳಿಗೆಯಲ್ಲಿ ಹಣ ಎಂದು ಆಸೆ ಹುಟ್ಟಿಸುತ್ತಾರೆ. ಅಡವು ಇದ್ದೇ ಇದೆ. ನೆಂಟರಿಷ್ಟರ ನಂಬರುಗಳೂ ಮನೆಮಂದಿಯ ಫೋಟೋಗಳೂ ಅಡವು. ಕಂತು ತಪ್ಪಿದರೆ ಅಣ್ಣನಿಗೆ, ಬೀಗರಿಗೆ, ಕೆಲಸ ಕೊಟ್ಟ ಮಾಲೀಕನಿಗೆ ಕರೆ ಹೋಗುತ್ತದೆ. ಫೋಟೋವನ್ನು ಅಶ್ಲೀಲವಾಗಿ ತಿದ್ದಿ ಹಂಚುವ ಬೆದರಿಕೆ ಬರುತ್ತದೆ. 2020ರ ಕೊನೆಯಲ್ಲಿ ತೆಲಂಗಾಣದಲ್ಲಿ ಈ ಹಿಂಸೆ ತಾಳಲಾರದೆ ಪ್ರಾಣ ಕಳೆದುಕೊಂಡವರಿದ್ದಾರೆ. ಹಳೆಯ ಸಾಹುಕಾರ ಬಾಗಿಲಿಗೆ ಬಂದು ಕೂಗಾಡುತ್ತಿದ್ದ. ಈ ಹೊಸಬನಿಗೆ ಮುಖವಿಲ್ಲ, ಊರಿಲ್ಲ.

ಸಾಲದ ಆ್ಯಪುಗಳು ನಂಬರುಗಳ ಪಟ್ಟಿ, ಕರೆಗಳ ಪಟ್ಟಿ, ಕಡತಗಳನ್ನು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಹೇಳಿತು. 2023ರ ಮೇ 31ರಿಂದ ಗೂಗಲ್ ತನ್ನ ಪ್ಲೇ ಸ್ಟೋರಿನಲ್ಲೂ ಇಂಥದೇ ನಿರ್ಬಂಧ ಹಾಕಿತು. ಸಂತೋಷವೇ. ಆದರೆ ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಕೊಂಡಿಯಿಂದ ನೇರವಾಗಿ ಇಳಿಯುವ ಎಪಿಕೆ ಕಡತಕ್ಕೆ ಆ ಅಂಗಡಿಯ ನಿಯಮ ತಗಲುವುದಿಲ್ಲ. ಅಂಥವನ್ನು ಇಳಿಸಿಕೊಳ್ಳಲೇಬಾರದು, ಅದು ಮದುವೆಯ ಕರೆಯೋಲೆಯೆಂಬ ವೇಷದಲ್ಲಿ ಬಂದರೂ.

ಇಂದು ರಾತ್ರಿಯೇ ಒಂದು ಕೆಲಸ ಮಾಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಪ್ರೈವಸಿ ವಿಭಾಗ ತೆರೆದು ಪರ್ಮಿಶನ್ ಮ್ಯಾನೇಜರಿಗೆ ಹೋಗಿ. ಯಾವ ಆ್ಯಪಿಗೆ ಏನೇನು ಕೊಟ್ಟಿದ್ದೀರಿ ಎಂಬ ಲೆಕ್ಕ ಅಲ್ಲಿದೆ. ಟಾರ್ಚ್ ಹಚ್ಚುವ ಆ್ಯಪಿಗೆ ನಿಮ್ಮ ಬೀಗರ ನಂಬರು ಏತಕ್ಕೆ? ತೆಗೆದುಹಾಕಿ. ಒಮ್ಮೆ ನಕಲಾಗಿ ಹೋದದ್ದು ಇದರಿಂದ ಹಿಂದಿರುಗದು, ಮುಂದಿನದು ನಿಲ್ಲುತ್ತದೆ. ಮಕ್ಕಳು ಪಾಠ ನೋಡುವ ಟ್ಯಾಬ್ಲೆಟ್ಟಿನಲ್ಲೂ ಹೀಗೆಯೇ ನೋಡಿ. ಡೇಟಾ ಬಳಕೆಯ ಪುಟದಲ್ಲಿ ನಾವು ಮುಟ್ಟದಿರುವಾಗಲೂ ಹಿನ್ನೆಲೆಯಲ್ಲಿ ಡೇಟಾ ತಿನ್ನುವ ಆ್ಯಪುಗಳು ಸಿಕ್ಕಿಬೀಳುತ್ತವೆ. ರೀಚಾರ್ಜಿಗೆ ದುಡ್ಡು ಕೊಟ್ಟವರು ನಾವು ತಾನೆ?

ಪರದೆಗೆ ಬೀಗ ಹಾಕುವವರೂ ಸಿಮ್ಮಿಗೆ ಪಿನ್ ಹಾಕುವುದಿಲ್ಲ. ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಒಟಿಪಿ ಅವನ ಕೈಗೇ ಬರುತ್ತದೆ. ಪಿನ್ ಹಾಕಿ, ಮರೆಯಬೇಡಿ. ಮೂರು ಸಲ ತಪ್ಪಿದರೆ ಸಿಮ್ ಕಟ್ಟಿಹೋಗಿ ಕಂಪನಿಯಿಂದ ಪಿಯುಕೆ ಅಂಕಿ ತರಬೇಕಾಗುತ್ತದೆ.

ಇನ್ನು ಭಾಷೆಯ ಪ್ರಶ್ನೆ. ತಿಳಿಯದ ಭಾಷೆಯಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. 2023ರ ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನಿನಂತೆ, ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶವಿರಬೇಕು; ಕನ್ನಡವೂ ಅದರಲ್ಲಿದೆ. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಮುಖ್ಯ ಕಟ್ಟುಪಾಡುಗಳಿಗೆ ಸಿದ್ಧರಾಗಲು ಕಂಪನಿಗಳಿಗೆ 18 ತಿಂಗಳ ವಾಯಿದೆ ಕೊಟ್ಟಿದ್ದಾರೆ. ಕೂಲಿಯವನ ಕಂತಿಗೆ 18 ದಿನ ಕೊಟ್ಟವರನ್ನು ನಾವು ಕಂಡಿಲ್ಲ. ಆ ಪತ್ರವನ್ನು ಕನ್ನಡದಲ್ಲಿ ಕೊಡಿ ಎಂದು ಪ್ರತಿಯೊಂದು ಸಂಘವೂ ಈಗಿನಿಂದಲೇ ಬರೆದು ಕೇಳಬೇಕು.

ಹಣ ಹೋದವರು ನಾಚಿಕೊಂಡು ಕೂರಬೇಡಿ. 1930ಕ್ಕೆ ಕೂಡಲೆ ಕರೆಮಾಡಿ. ಹಣ ಮತ್ತೊಂದು ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗಬಹುದು. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಠಾಣೆಗೆ ತನ್ನಿ. ಜೊತೆಗೆ ನಾವೂ ಬರುತ್ತೇವೆ.