ಶಾಸನಗಳ ಕಣಜ

ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅದು 500 ಆಯಿತು. ಮೈಸೂರು ವಿಶ್ವವಿದ್ಯಾನಿಲಯದ 1973ರ ಸಂಪುಟದಲ್ಲಿ 573. ಹಿಂದಿನವರ ಓದು ಕಣ್ಣೆದುರಿಗೆ ಇದ್ದುದರಿಂದಲೇ ಉಳಿದುದನ್ನು ಹುಡುಕುವುದೂ ತಪ್ಪನ್ನು ತಿದ್ದುವುದೂ ಮುಂದಿನವರಿಗೆ ಸಾಧ್ಯವಾಯಿತು.

'ಎಪಿಗ್ರಾಫಿಯಾ ಕರ್ನಾಟಿಕಾ'ದ ಹೆಚ್ಚುಗಾರಿಕೆ ಅದರ ಏರ್ಪಾಟಿನಲ್ಲಿದೆ. ತಾಲ್ಲೂಕಿನ ಹೆಸರು, ಅದರ ಮುಂದೊಂದು ಅಂಕಿ. ಇಷ್ಟು ಹೇಳಿದರೆ ಯಾವ ಊರಿನ ವಿದ್ವಾಂಸನೂ ಅದೇ ಕಲ್ಲನ್ನು ಗುರುತಿಸಬಲ್ಲ. ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರನ್ನೂ ರೈಸ್ ಕೊಟ್ಟದ್ದರಿಂದ ಅನುವಾದಕನ ಊಹೆಯನ್ನು ಓದುಗನೇ ಒರೆಗೆ ಹಚ್ಚಬಹುದು.

ಈಗ ಆ ಸಂಪುಟಗಳ ಪುಟಗಳು ಚಿತ್ರರೂಪದಲ್ಲಿ ಅಂತರಜಾಲದಲ್ಲಿ ದೊರೆಯುತ್ತವೆ. ಅಷ್ಟರಿಂದಲೇ ಅವು ಸಾರ್ವಜನಿಕರ ಸ್ವತ್ತಾದುವೆಂದು ನಾನು ಒಪ್ಪಲಾರೆ. 'ಗಾವುಂಡ' ಎಂಬ ಪದ ಎಲ್ಲೆಲ್ಲಿ ಬಂದಿದೆಯೆಂದು ಕೇಳಿದರೆ ಹೇಳಲು ಚಿತ್ರಕ್ಕೆ ಬಾಯಿಲ್ಲ. ಪ್ರತಿ ಶಾಸನವನ್ನೂ ಯಂತ್ರ ಓದಬಲ್ಲ ಅಕ್ಷರಗಳಲ್ಲಿ, ಹಳೆಯ ಸಂಖ್ಯೆಯನ್ನು ಬಿಡದೆ, ಊರು ಕಾಲಗಳೊಡನೆ ಒಂದೆಡೆ ಇಡಬೇಕು; ಬಳಸುವವರು ಯಾರ ಅಪ್ಪಣೆಗೂ ಕಾಯುವಂತಿರಬಾರದು. ತಿದ್ದಿದವರ ಹೆಸರಿನೊಡನೆ ತಿದ್ದುವ ಮುನ್ನ ಇದ್ದ ಪಾಠವೂ ಉಳಿಯಲಿ. ಹಳೆಯ ಓದೇ ಸರಿಯೆಂದು ಕೊನೆಗೆ ಸಿದ್ಧವಾಗುವುದುಂಟು!

ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಈ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ಕೆಲಸಕ್ಕೆ ಕೈಹಾಕಿತು. ರೈಸ್ ಕಂಡಿದ್ದ ಎಷ್ಟೋ ಕಲ್ಲುಗಳು ಆ ವೇಳೆಗೆ ಇಲ್ಲವಾಗಿದ್ದುವು. ಅವುಗಳ ಮಾತು ಉಳಿದಿರುವುದು ಅಚ್ಚಿನ ಪುಟದಲ್ಲಿ ಮಾತ್ರ.